ಸತ್ತವನ ಹೆಸರಿನ ಪಹಣಿ: ವೀರಗಲ್ಲನ್ನು ಓದುವ ಬಗೆ

ಎರಡು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಯುದ್ಧ ಸ್ಮಾರಕ ಕಟ್ಟಿಸಬೇಕು ಎಂಬ ಮಾತು ಎದ್ದಿತು. ಕೋಲಾರ ಜಿಲ್ಲೆಯ ಮೂಡಲ ಅಂಚಿನ ಸಣ್ಣ ಊರು ನಮ್ಮದು. ಬಸ್ ನಿಲ್ದಾಣ, ಸಂತೆ ಮೈದಾನ, ಟೊಮೆಟೊ ಹಂಗಾಮಿನಲ್ಲಿ ಉಸಿರಾಡಲೂ ಜಾಗವಿಲ್ಲದ ಮಂಡಿ, ಒಂದು ದೊಡ್ಡ ಕೆರೆ. ಸೇನೆಯಲ್ಲಿ ದುಡಿದು ನಿವೃತ್ತರಾದ ಕೆಲವರು ಸೇರಿ, ವೃತ್ತದ ನಡುವೆ ತಲೆಕೆಳಗಾಗಿ ನಿಂತ ಬಂದೂಕು, ಅದರ ಹಿಡಿಯ ಮೇಲೊಂದು ಹೆಲ್ಮೆಟ್, ಕೆಳಗೆ ಕರಿಯ ಗ್ರಾನೈಟ್ ಹಲಗೆ ಇರಬೇಕು ಎಂದು ಚಿತ್ರವನ್ನೂ ಬರೆಸಿ ತಂದಿದ್ದರು. ಸಭೆಯಲ್ಲಿ ಒಬ್ಬ ಹಿರಿಯರು, “ಇಷ್ಟು ಹಳೆಯ ಊರು, ಯುದ್ಧದಲ್ಲಿ ಸತ್ತವರ ಹೆಸರಿಗೆ ಒಂದು ಕಲ್ಲೂ ಇಲ್ಲವಲ್ಲ” ಎಂದು ನೊಂದುಕೊಂಡರು.

ಸಭೆ ನಡೆಯುತ್ತಿದ್ದ ಜಗುಲಿಯಿಂದ ನಲವತ್ತು ಹೆಜ್ಜೆ ನಡೆದರೆ ಕೆರೆ ಏರಿ. ತೂಬಿನ ಪಕ್ಕದಲ್ಲಿ ಎದೆಮಟ್ಟದ ಒಂದು ಕಲ್ಲು ಸ್ವಲ್ಪ ವಾಲಿಕೊಂಡು ನಿಂತಿದೆ. ಹಾಲಿನ ಡೇರಿಗೆ ಬರುವವರು ಹಸುವಿನ ಹಗ್ಗವನ್ನು ಅದಕ್ಕೆ ಸುತ್ತಿ ಒಳಗೆ ಹೋಗುತ್ತಾರೆ. “ಅಣ್ಣಾ, ಅದೇ ನಮ್ಮ ಯುದ್ಧ ಸ್ಮಾರಕ” ಎಂದೆ. ಅವರು ನನ್ನನ್ನೂ ಕಲ್ಲನ್ನೂ ಒಮ್ಮೆ ನೋಡಿ, “ಅದು ವೀರಪ್ಪ ಅಲ್ಲವೇನಪ್ಪಾ, ದೇವರು” ಎಂದರು.

ಅವರ ಮಾತು ತಪ್ಪೂ ಅಲ್ಲ. ಯುಗಾದಿಯ ದಿನ ಅದಕ್ಕೆ ಎಣ್ಣೆ, ಅರಿಶಿನ, ಕುಂಕುಮ ಬೀಳುತ್ತದೆ. ಆದರೆ ಆ ಕಲ್ಲು ದೇವರಾದದ್ದು ಆಮೇಲೆ. ನೆಟ್ಟ ದಿನ ಅದು ಒಬ್ಬ ಮನುಷ್ಯನ ದಾಖಲೆಯಾಗಿತ್ತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಕೆರೆ ಏರಿ, ಹಳೆಯ ಊರಬಾಗಿಲು, ಶಿವನ ಗುಡಿಯ ಹಿತ್ತಲು, ಈಗ ಬೇಚಿರಾಕ್ ಆಗಿರುವ, ಅಂದರೆ ಜನವಸತಿ ಇಲ್ಲದ ಗ್ರಾಮಗಳ ಹೊಲದ ಬದು, ಎಲ್ಲಿ ಹುಡುಕಿದರೂ ಇಂಥ ವೀರಗಲ್ಲುಗಳು, ಹೋರಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲುಗಳು, ಸಿಗುತ್ತವೆ. ಇವನ್ನು ಶಿಲ್ಪ ಎಂದು ನೋಡುವವರಿಗೆ ಬೇಗ ಬೇಸರವಾಗುತ್ತದೆ, ಏಕೆಂದರೆ ಹೆಚ್ಚಿನವು ಬೇಲೂರಿನ ಕುಸುರಿಯ ಹತ್ತಿರಕ್ಕೂ ಬರುವುದಿಲ್ಲ. ಪಹಣಿಯನ್ನು ಓದುವಂತೆ ಓದಿದರೆ ಮಾತ್ರ ಇವು ಬಾಯಿ ಬಿಡುತ್ತವೆ. ಯಾರು, ಯಾವ ಊರಿನವನು, ಯಾವ ಕಾರಣಕ್ಕೆ, ಯಾರ ವಿರುದ್ಧ ಸತ್ತ, ಕಲ್ಲು ನಿಲ್ಲಿಸಿದವರು ಯಾರು, ಮನೆಯವರಿಗೆ ಎಷ್ಟು ಭೂಮಿ ಬಿಟ್ಟರು. ಕಂದಾಯ ಇಲಾಖೆಯ ಕಾಗದದಲ್ಲಿ ಇರುವಂತೆಯೇ ಇದರಲ್ಲೂ ಕಲಂಗಳಿವೆ.

ಮೊದಲು ಚಿತ್ರವನ್ನು ಓದುವುದನ್ನು ಕಲಿಯೋಣ. ಅಂತಸ್ತುಗಳಿರುವ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಅಲ್ಲ. ತಳದ ಪಟ್ಟಿಯಲ್ಲಿ ಕಾಳಗ. ವೀರ ಉಳಿದವರಿಗಿಂತ ದೊಡ್ಡದಾಗಿರುತ್ತಾನೆ. ಕೈಯಲ್ಲಿ ಬಿಲ್ಲೋ ಕಠಾರಿಯೋ ಕತ್ತಿ ಗುರಾಣಿಯೋ ಇರುತ್ತದೆ. ಎದುರಿನಿಂದ ಬಾಣಗಳು ಬರುತ್ತಿರುತ್ತವೆ. ಒಂದು ಮೂಲೆಯಲ್ಲಿ ದನಗಳಿದ್ದರೆ ಕಾರಣವೂ ಸಿಕ್ಕಂತೆಯೇ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದೋ ವಿಮಾನದಲ್ಲಿ ಕೂರಿಸಿಯೋ ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಪಕ್ಕದಲ್ಲಿ ಪೂಜಾರಿ, ನಂದಿ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲಕ್ಕೂ ಮೇಲೆ ಸೂರ್ಯ, ಚಂದ್ರ. ಅವು ಅಲಂಕಾರಕ್ಕೆ ಇಟ್ಟವಲ್ಲ, ಕೊಟ್ಟ ದಾನಕ್ಕೆ ಬರೆದ ಅವಧಿ: ಸೂರ್ಯ ಚಂದ್ರರು ಇರುವ ತನಕ ಈ ಭೂಮಿ ಇವನ ಮನೆಯವರದು.

ಮೂರು ಅಂತಸ್ತಿನ ಈ ವಿನ್ಯಾಸ ಹೆಚ್ಚು ಬಳಕೆಗೆ ಬಂದದ್ದು ತುಸು ತಡವಾಗಿ, ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲದಲ್ಲಿ. ಗಂಗರ, ನೊಳಂಬರ ಕಾಲದ ಹಳೆಯ ಕಲ್ಲುಗಳಲ್ಲಿ ಸ್ವರ್ಗಕ್ಕೆ ಅಷ್ಟು ಜಾಗವಿಲ್ಲ. ಒಂದೇ ಚೌಕ, ಅದರ ತುಂಬ ಒಬ್ಬನೇ ಗಂಡಸು, ತುರುಬು ಕಟ್ಟಿದ ಕೂದಲು, ಮುಂದಕ್ಕೆ ಚಾಚಿದ ಕಾಲು, ಅಂಚಿನ ಸುತ್ತ ಸಿಕ್ಕ ಜಾಗದಲ್ಲೆಲ್ಲ ತುರುಕಿದ ಅಕ್ಷರ. ನನಗೆ ಇವೇ ಹೆಚ್ಚು ಇಷ್ಟ. ಕಲ್ಲುಕುಟಿಗನಿಗೆ ಸ್ವರ್ಗದ ವಿವರ ಬೇಕಾಗಿರಲಿಲ್ಲ, ಆ ಮನುಷ್ಯ ನಿಂತ ಭಂಗಿ ಸಾಕಾಗಿತ್ತು.

ಈಗ ಮಾತಿಗೆ ಬರೋಣ. ವೀರಗಲ್ಲಿನ ಶಾಸನಗಳಲ್ಲಿ ಸಾವಿನ ಕಾರಣಗಳಿಗೆ ಒಂದೊಂದು ಹೆಸರಿದೆ. ದನಗಳನ್ನು ಹೊಡೆದುಕೊಂಡು ಹೋಗುವುದು ‘ತುರುಗೋಳ್’. ಊರನ್ನೇ ಸುಲಿದು ಹಾಳು ಮಾಡುವುದು ‘ಊರಳಿವು’. ಹೆಂಗಸರ ಮೇಲೆ ಕೈಮಾಡಿದಾಗ ಏಳುವ ಕೂಗು ‘ಪೆಣ್ಬುಯ್ಯಲ್’. ಅದರಲ್ಲಿರುವ ‘ಪುಯ್ಯಲ್’ ಇವತ್ತಿಗೂ ನಮ್ಮ ‘ಹುಯಿಲೆಬ್ಬಿಸು’ ಎಂಬ ಮಾತಿನಲ್ಲಿ ಉಸಿರಾಡುತ್ತಿದೆ. ಎಲ್ಲೆಗಾಗಿ ನಡೆದದ್ದು ಗಡಿಗಾಳಗ. ಹುಲಿ, ಹಂದಿಗಳ ಜೊತೆ ಹೋರಾಡಿ ಸತ್ತವರಿಗೂ ಕಲ್ಲುಗಳುಂಟು.

ಇವುಗಳಲ್ಲಿ ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕಾಣುವುದು ತುರುಗೋಳ್. ತುರು ಎಂದರೆ ದನ. ದನ ಕಾಯುವವನು ತುರುಗಾಹಿ. “ತುರುವಂ ಮಗುಳ್ಚಿ ಸತ್ತಂ” ಎಂದರೆ ಹೋಗುತ್ತಿದ್ದ ದನಗಳನ್ನು ಹಿಂದಿರುಗಿಸಿ ತಾನು ಸತ್ತ. ಇದನ್ನು ಓದಿದ ಕಾಲೇಜು ಹುಡುಗರು ನಗುವುದನ್ನು ಕಂಡಿದ್ದೇನೆ. ದನ ಕಳ್ಳತನದ ಜಗಳದಲ್ಲಿ ಸತ್ತವನಿಗೂ ಯುದ್ಧ ಸ್ಮಾರಕವೇ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರಕ್ಕೆ ಈ ಸೀಮೆಯ ಮಣ್ಣನ್ನೂ ಮಳೆಯನ್ನೂ ನೆನೆಯಬೇಕು.

ಇದು ವರ್ಷವಿಡೀ ತುಂಬಿ ಹರಿಯುವ ಹೊಳೆಯಿಲ್ಲದ ನಾಡು. ಪಾಲಾರ್, ಪೆನ್ನಾರ್, ಜಯಮಂಗಲಿ ಎಲ್ಲವೂ ಮಳೆಗಾಲದಲ್ಲಿ ಕಂಡು ಬೇಸಿಗೆಯಲ್ಲಿ ಮರಳಾಗುವವು. ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ರಾಗಿ, ಅದೂ ಇಲ್ಲದ ವರ್ಷ ದನ. ಬರದಲ್ಲಿ ಬೆಳೆ ಒಣಗಿದರೂ ದನವನ್ನು ಮೇವಿರುವ ಕಡೆ ನಡೆಸಿಕೊಂಡು ಹೋಗಬಹುದಿತ್ತು. ಉಳುಮೆಗೆ ಅದೇ, ಕಪಿಲೆ ಬಾವಿಯಿಂದ ನೀರೆತ್ತಲು ಅದೇ, ಗೊಬ್ಬರಕ್ಕೂ ಅದೇ. ಒಂದು ಊರಿನ ಮಂದೆಯನ್ನು ಹೊಡೆದುಕೊಂಡು ಹೋದರೆ ಆ ಊರಿನ ಮುಂದಿನ ವರ್ಷವನ್ನೇ ಹೊಡೆದುಕೊಂಡು ಹೋದಂತೆ. ಹಿಂದಿನ ರಾಜರಿಗೂ ಇದು ಚೆನ್ನಾಗಿ ಗೊತ್ತಿತ್ತು. ಶತ್ರುವಿನ ಸೀಮೆಯ ದನಗಳನ್ನು ಹಿಡಿಯುವುದು ಎಷ್ಟೋ ಸಲ ಯುದ್ಧದ ಮೊದಲ ಹೆಜ್ಜೆ. ಕೌರವರು ವಿರಾಟನ ಗೋವುಗಳನ್ನು ಹೊಡೆದ ಕಥೆಯಲ್ಲಿ ಇರುವುದೂ ಇದೇ ತಂತ್ರ. ಒಲೆಯ ಮುಂದೆ ಪೌರುಷ ತೋರಿದ ಉತ್ತರಕುಮಾರನನ್ನು ನೆನಪಿಟ್ಟುಕೊಂಡೆವು, ಅದರ ಹಿಂದಿದ್ದ ಲೆಕ್ಕಾಚಾರವನ್ನು ಮರೆತೆವು.

ಇದರ ಜೊತೆಗೆ ಭೂಪಟವನ್ನೂ ಹರಡಿಕೊಳ್ಳಿ. ಗಂಗರು ಎಲ್ಲಿಗೆ ಹೋದರೂ ತಮ್ಮನ್ನು ‘ಕುವಳಾಲಪುರವರೇಶ್ವರ, ನಂದಗಿರಿನಾಥ’ ಎಂದೇ ಕರೆದುಕೊಂಡರು. ಕುವಳಾಲ ಎಂದರೆ ಕೋಲಾರ, ನಂದಗಿರಿ ಎಂದರೆ ನಮ್ಮ ನಂದಿಬೆಟ್ಟ. ರಾಜಧಾನಿ ತಲಕಾಡಿನ ಕಡೆ ಸರಿದ ಮೇಲೂ ಬಿರುದಿನಲ್ಲಿ ಕೋಲಾರ ಉಳಿಯಿತು. ಬಡಗಣಕ್ಕೆ ನೊಳಂಬರು, ಅವರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಶಿರಾ ತಾಲ್ಲೂಕಿನ ಗಡಿ ದಾಟಿದ ಕೂಡಲೇ ಆಂಧ್ರದ ನೆಲದಲ್ಲಿದೆ. ಮೂಡಲಲ್ಲಿ ಬಾಣರು, ಅವರ ಹಿಂದೆ ಕಂಚಿಯ ಪಲ್ಲವರು, ಬಡಗಣದಿಂದ ಆಗಾಗ ರಾಷ್ಟ್ರಕೂಟರು. ಹನ್ನೊಂದನೆಯ ಶತಮಾನ ಕಾಲಿಡುವ ಹೊತ್ತಿಗೆ ಚೋಳರು ಬಂದು ಈ ಪ್ರದೇಶಕ್ಕೆ ‘ನಿಕರಿಲಿ ಚೋಳ ಮಂಡಲ’ ಎಂದು ಹೊಸ ಹೆಸರಿಟ್ಟರು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ಮುನ್ನೂರು ನಾನೂರು ವರ್ಷ ಈ ನೆಲ ಯಾರೋ ಒಬ್ಬರ ಗಡಿ. ಗಡಿಯಲ್ಲಿ ಬದುಕುವವನ ಮಂದೆಗೆ ಕಾವಲು ತಾನೇ ಆಗಬೇಕು. ವೀರಗಲ್ಲುಗಳ ಸಂಖ್ಯೆ ಇಲ್ಲಿ ಇಷ್ಟೊಂದು ಇರುವುದರ ಗುಟ್ಟು ಅದೇ.

ಅದರಲ್ಲೂ ಒಂದು ಸೂಕ್ಷ್ಮವಾದ ಸಂಗತಿಯಿದೆ. ದನ ಹೊಡೆಯಲು ಬಂದವರು ಬಹಳ ಸಲ ಪಕ್ಕದ ಸೀಮೆಯವರೇ. ಇವತ್ತು ಹೆಣ್ಣು ಕೊಟ್ಟು ತರುವ, ಜಾತ್ರೆಗೆ ಹೋಗಿ ಬರುವಷ್ಟು ಹತ್ತಿರದವರು. ದನ ಬಿಡಿಸುತ್ತಾ ಸತ್ತವನಿಗೆ ಇಲ್ಲಿ ಕಲ್ಲು ನಿಂತರೆ, ಹೊಡೆಯಲು ಬಂದು ಸತ್ತವನಿಗೂ ಅವನೂರಿನಲ್ಲಿ ಕಲ್ಲು ನಿಂತಿರಬಹುದು. ಒಡೆಯನ ಮಾತಿನಂತೆ ದಾಳಿಗೆ ಹೋಗಿ ಮಡಿದವರನ್ನೂ ಶಾಸನಗಳು ಅದೇ ಗೌರವದಲ್ಲಿ ಹೆಸರಿಸುತ್ತವೆ. ಯಾರದ್ದು ನ್ಯಾಯ ಎಂದು ಕಲ್ಲು ವಿಚಾರಿಸುವುದಿಲ್ಲ.

ಅಕ್ಷರಗಳಿರುವ ಕಲ್ಲಿನಲ್ಲಿ ಒಂದು ಅಚ್ಚುಕಟ್ಟಾದ ಕ್ರಮವಿರುತ್ತದೆ, ಗೊತ್ತಾದರೆ ಅರ್ಧ ಓದಿದಂತೆಯೇ. ‘ಸ್ವಸ್ತಿ ಶ್ರೀ’ ಎಂದು ಶುರು. ಆಮೇಲೆ ಆಳುತ್ತಿದ್ದ ಅರಸನ ಹೆಸರು, ‘ಪೃಥಿವೀರಾಜ್ಯಂ ಗೆಯ್ಯೆ’, ಅಂದರೆ ಅವನು ನೆಲವನ್ನು ಆಳುತ್ತಿರಲು. ನಂತರ ಆ ನಾಡಿನ ಸಾಮಂತ ಅಥವಾ ಗಾವುಂಡ, ಅಂದರೆ ಊರಿನ ಮುಖ್ಯಸ್ಥ. ಆಮೇಲೆ ಘಟನೆ: ಇಂಥವರು ಇಂಥ ಊರಿನ ತುರುವನ್ನು ಕೊಂಡಾಗ, ಅಂದರೆ ಹೊಡೆದುಕೊಂಡು ಹೋದಾಗ. ಆಮೇಲೆ ವೀರನ ಹೆಸರು, ಜೊತೆಗೆ ಅವನು ಯಾರ ಮಗ ಎಂಬ ಗುರುತು. ‘ಕಾದಿ ಸತ್ತಂ’, ‘ಎಱಿದು ಸತ್ತಂ’ ಎಂಬ ಕ್ರಿಯಾಪದ, ಅಂದರೆ ಹೋರಾಡಿ ಸತ್ತ. ಕಡೆಗೆ ಕಲ್ಲು ನಿಲ್ಲಿಸಿದವರ ಹೆಸರು, ದಾನ, ಶಾಪ. ಈ ಶಾಪದ ಸಾಲು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ: ಇದನ್ನು ಅಳಿದವನು ವಾರಣಾಸಿಯನ್ನೂ ಸಾವಿರ ಕವಿಲೆಯನ್ನೂ (ಹಸುವನ್ನೂ) ಅಳಿದ ಪಾಪಕ್ಕೆ ಹೋಗಲಿ, ಪಂಚಮಹಾಪಾತಕನಾಗಲಿ. ಇಷ್ಟು ಶಾಪ ಹಾಕಿದ್ದರೂ ಎಷ್ಟೋ ಕಲ್ಲುಗಳು ಚರಂಡಿಯ ಹಾಸಾಗಿವೆ, ಬಟ್ಟೆ ಒಗೆಯುವ ಬಂಡೆಯಾಗಿವೆ. ಶಾಪವನ್ನು ಓದಲು ಬಾರದವರಿಗೆ ಅದು ತಟ್ಟುವುದಿಲ್ಲವೆಂದು ಕಾಣುತ್ತದೆ.

ಕಾಲವನ್ನು ತಿಳಿಯುವ ಬಗೆಯೂ ಸುಲಭವೇ. ಶಕ ವರ್ಷ ಬರೆದಿದ್ದರೆ ಅದಕ್ಕೆ 78 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ; ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು. ವರ್ಷವೇ ಇಲ್ಲದಿದ್ದರೆ ಅರಸನ ಹೆಸರು, ಅದೂ ಇಲ್ಲದಿದ್ದರೆ ಅಕ್ಷರದ ರೂಪ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಕಲ್ಲನ್ನು ಸು. 750ರದು ಎಂದು ಹೇಳುವುದು ಅದರಲ್ಲಿ ಗಂಗ ದೊರೆ ಶ್ರೀಪುರುಷನ ಹೆಸರು ಇರುವುದರಿಂದ.

ನನ್ನ ಮಟ್ಟಿಗೆ ಇಡೀ ವೀರಗಲ್ಲಿನ ತಿರುಳು ಇರುವುದು ದಾನದ ಸಾಲಿನಲ್ಲಿ. ಚಿತ್ರವನ್ನು ಕಂಡು ಮರುಳಾದವರು ಇದನ್ನು ದಾಟಿ ಹೋಗುತ್ತಾರೆ.

ಸತ್ತವನಿಗೆ ಹೆಂಡತಿ, ಮಕ್ಕಳು, ತಮ್ಮಂದಿರು ಇರುತ್ತಿದ್ದರು. ಊರಿಗಾಗಿ ಸತ್ತವನ ಮನೆಯನ್ನು ಊರು ಸಾಕಬೇಕು ಎಂಬುದು ಲೆಕ್ಕ. ಅದಕ್ಕೆ ಕೊಟ್ಟ ಭೂಮಿಗೆ ಹಲವು ಹೆಸರುಗಳಿದ್ದವು. ಕಲ್ಲಿನ ಜೊತೆಗೆ ಬಿಟ್ಟ ನೆಲ ‘ಕಲ್ನಾಡು’. ರಕ್ತ ಸುರಿಸಿದ್ದಕ್ಕೆ ಕೊಟ್ಟದ್ದು ‘ನೆತ್ತರುಗೊಡಗೆ’, ನೆತ್ತರು ಕೊಡಗಿ. ಕಾಳಗದಲ್ಲಿ ಗೆದ್ದ ವೀರನ ಕತ್ತಿಯನ್ನು ತೊಳೆದು ಕೊಡುವ ಮರ್ಯಾದೆಯ ದಾನ ‘ಬಾಳ್ಗಳ್ಚು’. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಈ ಕೊನೆಯ ಮಾತು ಎಷ್ಟು ಹಳೆಯದು ಎಂದರೆ, ಸು. 450ರ ಹಲ್ಮಿಡಿ ಶಾಸನದಲ್ಲೇ ಇದೆ. ಕೇಕಯ ಪಲ್ಲವರ ಮೇಲಿನ ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟದ್ದೇ ಅದರ ವಿಷಯ. ಬಹುಕಾಲ ಕನ್ನಡದ ಮೊದಲ ಶಾಸನ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಒಬ್ಬ ಯೋಧನಿಗೆ ಕೊಟ್ಟ ಭೂಮಿಯ ಪತ್ರವನ್ನು. ಮೇಷ್ಟ್ರು ಅದನ್ನು ಹಾಗೆ ಹೇಳಿಕೊಟ್ಟಿದ್ದರೆ ನಾನು ಆ ಪಾಠದಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

‘ಕೊಡಗಿ’ ಎಂಬ ಮಾತು ಕಲ್ಲಿನಲ್ಲಿ ಉಳಿದು ಸತ್ತುಹೋಗಲಿಲ್ಲ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ‘ಕೆರೆ ಕೊಡಗಿ’ಯಾಗಿ ಮೈಸೂರು ಸಂಸ್ಥಾನದ ಕಂದಾಯ ಲೆಕ್ಕದವರೆಗೂ ಬಂತು. 1954ರ ಇನಾಂ ರದ್ದತಿ ಕಾಯ್ದೆಯ ನಂತರವೇ ಇಂಥ ಇನಾಮುಗಳ ಕಥೆ ಮುಗಿದದ್ದು. ಹಳೆಯ ಪತ್ರಗಳನ್ನು ಇಟ್ಟುಕೊಂಡ ಮನೆಗಳಲ್ಲಿ ‘ಕೊಡಗಿ’ ಎಂಬ ಪದ ಇವತ್ತೂ ಸಿಗುತ್ತದೆ. ಕೆರೆ ಏರಿಯ ಮೇಲೆ ವೀರಗಲ್ಲು ನಿಂತಿರುವುದನ್ನು ಕಂಡಾಗ ನನಗೆ ಈ ಎರಡು ಕೊಡಗಿಗಳೂ ಒಟ್ಟಿಗೆ ನೆನಪಾಗುತ್ತವೆ: ನೀರು ಉಳಿಸಿದವನಿಗೆ ಒಂದು, ದನ ಉಳಿಸಿದವನಿಗೆ ಒಂದು.

ಕಲ್ಲು, ಭೂಮಿ, ಪೂಜೆ ಮೂರೂ ಹೇಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದಕ್ಕೆ ಒಳ್ಳೆಯ ನಿದರ್ಶನ ನಮ್ಮ ಜಿಲ್ಲೆಗಳದ್ದಲ್ಲ, ಮಂಡ್ಯ ಕಡೆಯ ಆತಕೂರಿನದು. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಶಕ 872ರ ಸೌಮ್ಯ ಸಂವತ್ಸರ, ಅಂದರೆ 949-50ರ ಕಲ್ಲು ಅದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದ ಮಣಲೇರ ಎಂಬ ಭಟನಿಗೆ ಏನು ಬೇಕೆಂದು ಒಡೆಯ ಕೇಳಿದ. ಮಣಲೇರ ಊರನ್ನೂ ಕೇಳಲಿಲ್ಲ, ಚಿನ್ನವನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಗುಡಿಯ ಮುಂದೆ ಕಲ್ಲು ನೆಟ್ಟು, ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂಬ ಷರತ್ತು ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗೊರವನೂ ಇಲ್ಲ, ಗದ್ದೆಯೂ ಇಲ್ಲ. ನಾಯಿಯೂ ಹಂದಿಯೂ ಇನ್ನೂ ಕಾದಾಡುತ್ತಿವೆ.

ಈ ಷರತ್ತನ್ನು ಗಮನಿಸಿದರೆ ನಮ್ಮ ವೀರಪ್ಪ ಹೇಗೆ ದೇವರಾದ ಎಂಬುದೂ ಹೊಳೆಯುತ್ತದೆ. ಭೂಮಿ ಅನುಭವಿಸುವವನು ಕಲ್ಲಿಗೆ ನೀರು, ಹೂವು ಕೊಡಬೇಕಿತ್ತು. ತಲೆಮಾರುಗಳು ಕಳೆದವು, ಊರು ಬಿಟ್ಟು ಬೇರೆಯವರು ಬಂದರು, ಲಿಪಿ ಬದಲಾಯಿತು, ಅಕ್ಷರ ಓದುವವರಿಲ್ಲವಾದರು. ಹೂವು ಮಾತ್ರ ನಿಲ್ಲಲಿಲ್ಲ. ಕಾರಣ ಮರೆತುಹೋಗಿ ಆಚರಣೆ ಉಳಿದಾಗ ಮನುಷ್ಯ ದೇವರಾಗುತ್ತಾನೆ.

ಶಾಸನಗಳಲ್ಲಿ ಕಾಣುವ ಒಂದು ಸಂಸ್ಕೃತ ಶ್ಲೋಕವನ್ನೂ ಹೇಳಬೇಕು: “ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ.” ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ನಾಶವಾಗುವ ದೇಹಕ್ಕೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂದು. ಭಾಷಣಗಳಲ್ಲಿ ಇದನ್ನು ಮೈನವಿರೇಳಿಸುವ ಮಾತಾಗಿ ಉದ್ಧರಿಸುತ್ತಾರೆ. ನನಗೆ ಇದು ಸೈನ್ಯಕ್ಕೆ ಆಳು ಸೇರಿಸುವವರ ಮಾತಿನಂತೆ ಕೇಳಿಸುತ್ತದೆ. ಇದನ್ನು ಬರೆಸಿದವರು ಸಾಮಾನ್ಯವಾಗಿ ಸತ್ತವನಲ್ಲ. ಅದರ ಪಕ್ಕದಲ್ಲೇ ಇರುವ, ಇಷ್ಟು ಕೊಳಗ ಗದ್ದೆ ಎಂದು ಅಳೆದು ಬರೆದ ಒಣ ಸಾಲು ಶ್ಲೋಕಕ್ಕಿಂತ ಪ್ರಾಮಾಣಿಕ.

ಕಲ್ಲಿನ ಪಕ್ಕದಲ್ಲಿ ಕೆಲವೊಮ್ಮೆ ಇನ್ನೊಂದು ಕಲ್ಲು ಇರುತ್ತದೆ: ಕಂಬದಿಂದ ಚಾಚಿದ ಒಂದು ತೋಳು, ಬಳೆ ತುಂಬಿದ ಕೈ, ಬೆರಳುಗಳ ನಡುವೆ ನಿಂಬೆಹಣ್ಣು. ಮಾಸ್ತಿಗಲ್ಲು. ಗಂಡನೊಡನೆ ಚಿತೆ ಏರಿದವಳ ಗುರುತು. ವೀರಗಲ್ಲಿನಲ್ಲಿ ಗಂಡಸಿನ ಹೆಸರು, ತಂದೆಯ ಹೆಸರು, ಒಡೆಯನ ಹೆಸರು ಎಲ್ಲವೂ ಸಿಗುತ್ತವೆ. ಮಾಸ್ತಿಗಲ್ಲಿನಲ್ಲಿ ಬಹಳ ಸಲ ಸಿಗುವುದು ಆ ತೋಳು ಮಾತ್ರ.

ವಿಜಯನಗರದ ಕಾಲ ಕಳೆದು ಪಾಳೆಯಗಾರರ ಕಾಲ ಬಂದಂತೆ ವೀರಗಲ್ಲು ನೆಡುವುದು ತೆಳುವಾಯಿತು. ಸಂಬಳಕ್ಕೆ ದುಡಿಯುವ ಸಿಪಾಯಿಗಳು, ಕೋವಿ, ಫಿರಂಗಿ ಬಂದವು. ಸಾಯುವ ಜಾಗ ಊರಿನ ಏರಿಯಿಂದ ದೂರವಾಯಿತು. ಆಮೇಲಿನ ಶತಮಾನಗಳಲ್ಲಿ ದೊಡ್ಡವರಿಗೆ ಗೋರಿಗಳು ಎದ್ದವು. ಕೋಲಾರ ಪಟ್ಟಣದ ಮಕ್ಬರಾದಲ್ಲಿ ಮಲಗಿರುವ ಹೈದರಾಲಿಯ ತಂದೆ ಫತೇ ಮಹಮ್ಮದ್ ಕೂಡ ಕಾಳಗದಲ್ಲೇ ಸತ್ತವನು. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿಬೆಟ್ಟದ ಕೋಟೆಯನ್ನು ಹಿಡಿದಾಗ ಎರಡೂ ಕಡೆ ಬಿದ್ದ ಸಾಮಾನ್ಯ ಸಿಪಾಯಿಗಳಿಗೆ ಹಳೆಯ ಬಗೆಯ ಕಲ್ಲು ನಿಂತದ್ದನ್ನು ನಾನು ಎಲ್ಲೂ ಕಂಡಿಲ್ಲ. ಬೆಟ್ಟಕ್ಕೆ ಹೋದವರಿಗೆ ಟಿಪ್ಪು ಡ್ರಾಪ್ ಮಾತ್ರ ತೋರಿಸುತ್ತಾರೆ.

ಮೊದಲ ಮಹಾಯುದ್ಧದ ನಂತರ ಬ್ರಿಟಿಷರು ಇಂಡಿಯಾದ ಹಲವು ಹಳ್ಳಿಗಳಲ್ಲಿ ಚಿಕ್ಕ ಫಲಕಗಳನ್ನು ಹಾಕಿಸಿದರು. ಈ ಗ್ರಾಮದಿಂದ ಇಷ್ಟು ಮಂದಿ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು, ಇಷ್ಟೇ. ಹೆಸರಿಲ್ಲ, ತಂದೆಯ ಹೆಸರಿಲ್ಲ, ಎಲ್ಲಿ ಸತ್ತರೆಂಬುದಿಲ್ಲ, ಬರೀ ತಲೆಲೆಕ್ಕ. ಸಾವಿರ ವರ್ಷ ಹಿಂದಿನ ಗಾವುಂಡ ತನ್ನ ದನಗಾಹಿಗೆ ಕೊಟ್ಟ ಮರ್ಯಾದೆಯನ್ನು ಅಷ್ಟು ದೊಡ್ಡ ಸಾಮ್ರಾಜ್ಯ ತನ್ನ ಸಿಪಾಯಿಯ ಹಳ್ಳಿಯಲ್ಲಿ ಕೊಡಲಿಲ್ಲ. ದೆಹಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ ನಿಜ, ಆದರೆ ಅವುಗಳನ್ನು ಓದಲು ಅವರ ಅವ್ವಂದಿರು ದೆಹಲಿಗೆ ಹೋಗುವಂತಿರಲಿಲ್ಲ. ಮೈಸೂರು ಸಂಸ್ಥಾನದ ಅಶ್ವದಳ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಬಿಡಿಸಿದ ಕಾಳಗದಲ್ಲಿತ್ತು. ಅವರ ನೆನಪಿನ ಕಂಬ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ನಿಂತಿದೆ. ದಿನವೂ ಅದರ ಸುತ್ತ ಬಸ್ಸುಗಳು ತಿರುಗುತ್ತವೆ.

2019ರ ಫೆಬ್ರುವರಿ 25ರಂದು ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಕ್ರಮ ಮತ್ತೆ ಬದಲಾಗಿದೆ. ಸ್ವಾತಂತ್ರ್ಯದ ನಂತರ ಮಡಿದ 25,942 ಯೋಧರ ಹೆಸರುಗಳನ್ನು ಆಗ ಅಲ್ಲಿ ಕೆತ್ತಿದ್ದರು. ಒಬ್ಬೊಬ್ಬನಿಗೆ ಒಂದೊಂದು ಗ್ರಾನೈಟ್ ಇಟ್ಟಿಗೆ. ಒಬ್ಬನಿಗೆ ಒಂದು ಕಲ್ಲು ಎಂಬ ಹಳೆಯ ಲೆಕ್ಕಕ್ಕೆ ನಾವು ಸುತ್ತಿ ಬಳಸಿ ಬಂದಿದ್ದೇವೆ ಎಂದು ನನಗೆ ಅನ್ನಿಸಿತು. ಕೊಡಗಿಯ ಜಾಗದಲ್ಲಿ ಈಗ ಕುಟುಂಬ ಪಿಂಚಣಿ ಇದೆ, ಅದನ್ನು ಕಲ್ಲಿನ ಮೇಲೆ ಬರೆಯುವುದಿಲ್ಲ.

ನಿಮ್ಮೂರಿನ ಕಲ್ಲಿನಲ್ಲಿ ಅಕ್ಷರ ಕಂಡರೆ ಏನು ಮಾಡಬೇಕು? ಮೊದಲು, ಏನನ್ನೂ ಬಳಿಯಬೇಡಿ. ಸೀಮೆಸುಣ್ಣದಲ್ಲಿ ಅಕ್ಷರ ತಿದ್ದಿ ಫೋಟೊ ತೆಗೆಯುವ ಚಪಲ ನನಗೂ ಇತ್ತು. ತಿದ್ದುವಾಗ ನಾವು ಕಲ್ಲಿನಲ್ಲಿ ಇರುವುದನ್ನಲ್ಲ, ನಮಗೆ ಕಂಡದ್ದನ್ನು ಬರೆಯುತ್ತೇವೆ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗಲೋ, ರಾತ್ರಿ ಒಂದು ಬದಿಯಿಂದ ಟಾರ್ಚ್ ಹಿಡಿದೋ ನೋಡಿದರೆ ನಡುಹಗಲು ಕಾಣದ ಸಾಲುಗಳು ಏಳುತ್ತವೆ. ಶಾಸನ ತಜ್ಞರು ಮಾಡುವುದು ಪಡಿಯಚ್ಚು: ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಕುಳಿಯೊಳಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ಅಕ್ಷರ ಬೆಳ್ಳಗೆ, ಉಳಿದದ್ದು ಕಪ್ಪಗೆ ಬರುತ್ತದೆ. ಈಚೆಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಗೀರೂ ಅದರಲ್ಲಿ ತಿಳಿಯುತ್ತದೆ.

ಅದಕ್ಕೂ ಮೊದಲು ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟ ತೆಗೆದು ನೋಡಿ. ಬೆಂಗಳೂರಿನಲ್ಲೇ ಹುಟ್ಟಿದ ಈ ಅಧಿಕಾರಿ ಮೈಸೂರು ಸೀಮೆಯ ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಜಿಲ್ಲೆವಾರು ಅಚ್ಚು ಹಾಕಿಸಿದರು. ತುಮಕೂರಿನದು 12ನೆಯ ಸಂಪುಟ, ಕೋಲಾರದ್ದು 1905ರ 10ನೆಯದು. ಚಿಕ್ಕಬಳ್ಳಾಪುರದವರು ಕೋಲಾರದ ಸಂಪುಟವನ್ನೇ ಹುಡುಕಬೇಕು, ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಬಂಗಾರಪೇಟೆಯವರು ಬೌರಿಂಗ್‌ಪೇಟೆ ಎಂಬಲ್ಲಿ ನೋಡಬೇಕು. ತಾಲ್ಲೂಕಿನ ಹೆಸರು, ಒಂದು ಸಂಖ್ಯೆ, ಊರು, ಕಲ್ಲು ಇರುವ ಜಾಗ, ಹೀಗೆ ಕ್ರಮವಾಗಿ ಇದೆ. ಆ ‘ಇರುವ ಜಾಗ’ವನ್ನು ಇವತ್ತು ಹಿಡಿದುಕೊಂಡು ಹೋದರೆ ಕಲ್ಲು ಸಿಗುತ್ತದೆ ಎಂಬ ಭರವಸೆ ಇಲ್ಲ. ಪುಸ್ತಕದಲ್ಲಿ ಕಲ್ಲು ಊರ ಮುಂದಿನ ಹೊಲದಲ್ಲಿರುತ್ತದೆ, ನೆಲದಲ್ಲಿ ಆ ಹೊಲ ಬಡಾವಣೆಯಾಗಿರುತ್ತದೆ.

ನಮ್ಮೂರಿನ ಕಲ್ಲಿನ ಎರಡು ಪಟ್ಟಿಗಳಷ್ಟೇ ನಮಗೆ ಕಾಣುತ್ತಿದ್ದವು: ವಿಮಾನ, ಅದರ ಮೇಲೆ ಲಿಂಗಪೂಜೆ. ಏರಿಯ ರಸ್ತೆಯನ್ನು ಎತ್ತರಿಸುತ್ತಾ ಹೋದವರು, ಆಮೇಲೆ ಭಕ್ತಿಯಿಂದ ಸಿಮೆಂಟಿನ ಕಟ್ಟೆ ಕಟ್ಟಿದವರು ಕಾಳಗದ ಪಟ್ಟಿಯನ್ನು ಒಳಗೆ ಸೇರಿಸಿಬಿಟ್ಟಿದ್ದರು. ಅವನು ಸ್ವರ್ಗಕ್ಕೆ ಹೋದದ್ದು ಎಲ್ಲರಿಗೂ ಕಾಣುತ್ತಿತ್ತು, ಏಕೆ ಹೋದ ಎಂಬುದು ಮಣ್ಣಿನಡಿ ಇತ್ತು.

ಕಳೆದ ಮಳೆಗಾಲಕ್ಕೆ ಮುಂಚೆ ಪೈಪ್ ಹಾಕಲು ಏರಿಯ ಅಂಚನ್ನು ಅಗೆದಾಗ ಕಟ್ಟೆಯ ಒಂದು ಮೂಲೆ ಕುಸಿಯಿತು. ಜೆಸಿಬಿಯ ಹುಡುಗ ಫೋನು ಮಾಡಿ ಕರೆದ. ಹೋಗಿ ನೋಡಿದಾಗ ಮೊಣಕಾಲಿನ ಮಟ್ಟದಲ್ಲಿ ಒಂದು ಅಂಗೈ ಅಗಲದ ಕಲ್ಲು ತೆರೆದಿತ್ತು. ಕೊಡದಲ್ಲಿ ನೀರು ತಂದು ಸುರಿದೆವು. ಒಂದರ ಹಿಂದೆ ಒಂದು, ಮೂರು ಜೊತೆ ಕೋಡು. ಅವುಗಳ ಮುಂದೆ ಒಂದು ಪಾದ, ಆ ಕಡೆಗೆ ತಿರುಗಿದ್ದು. ಮೊಬೈಲಿನಲ್ಲಿ ಎರಡು ಫೋಟೊ ತೆಗೆದುಕೊಂಡೆ. ಮಾರನೆಯ ದಿನ ಪೈಪ್ ಹಾಕಿ, ಮಣ್ಣು ಮುಚ್ಚಿ, ಕಟ್ಟೆಗೆ ಮತ್ತೆ ಸಿಮೆಂಟ್ ಹಾಕಿದರು. ಸಂಜೆ ಡೇರಿಗೆ ಬಂದ ಹೆಂಗಸೊಬ್ಬಳು ಹಸಿ ಸಿಮೆಂಟನ್ನು ತುಳಿಯದಂತೆ ಹುಷಾರಾಗಿ ಸುತ್ತಿ ಬಂದು, ಹಸುವಿನ ಹಗ್ಗವನ್ನು ಕಲ್ಲಿಗೆ ಕಟ್ಟಿ ಒಳಗೆ ಹೋದಳು.